ಗೋಡೆಯ ಮೇಲಿನ ರೇಟಿಂಗ್ ಪತ್ರ ಎಷ್ಟು ನಂಬಿಕಸ್ಥ? ಆಸ್ಟ್ರೇಲಿಯಾದ ಚೈಲ್ಡ್‌ಕೇರ್ ಗುಣಮಟ್ಟ ವ್ಯವಸ್ಥೆಯ ವಿಮರ್ಶೆ

ಮೆಲ್ಬರ್ನ್‌ಗೋ ಸಿಡ್ನಿಗೋ ಬಂದಿಳಿದ ಕನ್ನಡದ ಸಂಸಾರವೊಂದು ಬಾಡಿಗೆ ಮನೆ, ಕಾರು, ಸೋನಾ ಮಸೂರಿ ಸಿಗುವ ಅಂಗಡಿ ಎಲ್ಲವನ್ನೂ ಹುಡುಕಿಕೊಂಡ ಮೇಲೂ ತಲೆಬಿಸಿಯಾಗಿ ಉಳಿಯುವುದು ಚೈಲ್ಡ್‌ಕೇರ್. ಊರಲ್ಲಾದರೆ ಅಜ್ಜಿ ಇರುತ್ತಾರೆ, ಪಕ್ಕದ ಮನೆಯವರಿರುತ್ತಾರೆ. ಇಲ್ಲಿ ಗುರುತು ಪರಿಚಯವಿಲ್ಲದವರ ಕೈಗೆ ವರ್ಷ ತುಂಬದ ಕೂಸನ್ನು ಕೊಟ್ಟು ಕೆಲಸಕ್ಕೆ ಓಡಬೇಕು. ಆಗ ಎಲ್ಲರೂ ಹಿಡಿದುಕೊಳ್ಳುವ ಆಸರೆ ಒಂದೇ: ಕೇಂದ್ರದ ಬಾಗಿಲ ಬಳಿ ಗೋಡೆಗೆ ಹಾಕಿರುವ ಸರ್ಕಾರಿ ರೇಟಿಂಗ್ ಪತ್ರ. ಅದರಲ್ಲಿ ‘ಎಕ್ಸೀಡಿಂಗ್’ ಎಂದಿದ್ದರೆ ನೆಮ್ಮದಿ, ‘ವರ್ಕಿಂಗ್ ಟುವರ್ಡ್ಸ್’ ಎಂದಿದ್ದರೆ ಎದೆ ಧಸಕ್ ಎನ್ನುತ್ತದೆ. ಎರಡೂ ಅವಸರದ ತೀರ್ಮಾನಗಳೇ. ಆ ಒಂದು ಪದದ ಕೆಳಗೆ ಏಳು ಸಾಲುಗಳಿವೆ, ಜೊತೆಗೊಂದು ದಿನಾಂಕವಿದೆ. ಓದಬೇಕಾದದ್ದು ಅವನ್ನು.

ಮೊದಲು ವ್ಯವಸ್ಥೆಯ ಪರಿಚಯ. ಇದರ ಹೆಸರು ನ್ಯಾಷನಲ್ ಕ್ವಾಲಿಟಿ ಫ್ರೇಮ್‌ವರ್ಕ್. 2009ರ ಡಿಸೆಂಬರ್‌ನಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಒಪ್ಪಂದಕ್ಕೆ ಬಂದು, 2012ರ ಜನವರಿ 1ರಿಂದ ಜಾರಿಗೆ ತಂದದ್ದು. ಅದಕ್ಕೂ ಮೊದಲು ನ್ಯಾಷನಲ್ ಚೈಲ್ಡ್‌ಕೇರ್ ಅಕ್ರೆಡಿಟೇಶನ್ ಕೌನ್ಸಿಲ್ ಎಂಬ ಸಂಸ್ಥೆ ತೊಂಬತ್ತರ ದಶಕದಿಂದ ಮಾನ್ಯತೆ ಕೊಡುತ್ತಿತ್ತು. ಲೈಸೆನ್ಸ್ ಮಾತ್ರ ರಾಜ್ಯದ ಕೈಯಲ್ಲಿತ್ತು. ಒಂದೇ ಕೇಂದ್ರಕ್ಕೆ ಎರಡು ಕಡೆಯ ತಪಾಸಣೆ, ಎರಡು ಬಗೆಯ ನಿಯಮ. ಹೊಸ ವ್ಯವಸ್ಥೆ ಅವೆರಡನ್ನೂ ಒಂದಾಗಿಸಿತು. ದೇಶಕ್ಕೆಲ್ಲ ಒಂದೇ ಮಾನದಂಡ, ಅದರ ಉಸ್ತುವಾರಿಗೆ ‘ಅಸೆಕ್ವಾ’ ಎಂದು ಕರೆಯುವ ರಾಷ್ಟ್ರೀಯ ಪ್ರಾಧಿಕಾರ. ಆದರೆ ಕೇಂದ್ರಕ್ಕೆ ಹೋಗಿ ನೋಡಿ ರೇಟಿಂಗ್ ಕೊಡುವವರು ಆಯಾ ರಾಜ್ಯದ ನಿಯಂತ್ರಕರು. ಈ ವ್ಯತ್ಯಾಸ ನೆನಪಿರಲಿ, ದೂರು ಕೊಡುವ ಹೊತ್ತಿಗೆ ಬೇಕಾಗುತ್ತದೆ.

ಡೇ ಕೇರ್, ಪ್ರೀಸ್ಕೂಲ್, ಎಜುಕೇಟರ್ (ಮಕ್ಕಳನ್ನು ನೋಡಿಕೊಂಡು ಕಲಿಸುವ ಸಿಬ್ಬಂದಿ) ತಮ್ಮ ಮನೆಯಲ್ಲೇ ನಡೆಸುವ ಫ್ಯಾಮಿಲಿ ಡೇ ಕೇರ್, ಶಾಲೆಗೆ ಮುಂಚೆ ಮತ್ತು ನಂತರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇವುಗಳಲ್ಲಿ ಹೆಚ್ಚಿನವು ಇದರ ಅಡಿಯಲ್ಲೇ ಬರುತ್ತವೆ. ಒಟ್ಟು 17 ಸಾವಿರಕ್ಕೂ ಹೆಚ್ಚು.

ಏಳು ಸಾಲುಗಳ ಲೆಕ್ಕ

ಏಳು ಗುಣಮಟ್ಟ ಕ್ಷೇತ್ರಗಳು ಹೀಗಿವೆ: ಕಲಿಕೆಯ ಕಾರ್ಯಕ್ರಮ, ಮಕ್ಕಳ ಆರೋಗ್ಯ ಮತ್ತು ಸುರಕ್ಷತೆ, ಕಟ್ಟಡ ಮತ್ತು ಅಂಗಳ, ಸಿಬ್ಬಂದಿ, ಮಕ್ಕಳೊಡನೆ ಒಡನಾಟ, ಪೋಷಕರು ಮತ್ತು ಸಮುದಾಯದೊಡನೆ ಸಹಯೋಗ, ಆಡಳಿತ ಮತ್ತು ನಾಯಕತ್ವ. ಮೊದಲು ಇವುಗಳ ಒಳಗೆ 18 ಮಾನದಂಡ, 58 ಅಂಶಗಳಿದ್ದವು. ದಾಖಲೆ ಬರೆದೇ ದಿನ ಕಳೆಯುತ್ತಿದೆ ಎಂದು ಕೇಂದ್ರಗಳು ಗೋಳಿಟ್ಟ ಮೇಲೆ 2018ರ ಫೆಬ್ರವರಿಯಿಂದ ಅವನ್ನು 15 ಮಾನದಂಡ, 40 ಅಂಶಗಳಿಗೆ ಇಳಿಸಿದರು.

ರೇಟಿಂಗ್ ಪದಗಳನ್ನು ಮೇಲಿನಿಂದ ಕೆಳಕ್ಕೆ ನೋಡೋಣ. ತುತ್ತತುದಿಯ ‘ಎಕ್ಸಲೆಂಟ್’ ತಾನಾಗಿ ಬರುವುದಿಲ್ಲ. ಒಟ್ಟಾರೆ ಎಕ್ಸೀಡಿಂಗ್ ಪಡೆದ ಕೇಂದ್ರ ಅರ್ಜಿ ಹಾಕಬೇಕು, ಅದನ್ನು ಪರಿಶೀಲಿಸಿ ಕೊಡುವುದು ಅಸೆಕ್ವಾ. ಹಾಗಾಗಿ ಎಕ್ಸಲೆಂಟ್ ಕೇಂದ್ರಗಳು ಬೆರಳೆಣಿಕೆಯಷ್ಟೇ, ಅದನ್ನು ಹುಡುಕಿಕೊಂಡು ಊರೂರು ಅಲೆಯಬೇಕಿಲ್ಲ. ಅದರ ಕೆಳಗೆ ಎಕ್ಸೀಡಿಂಗ್, ಅಂದರೆ ಮಾನದಂಡಕ್ಕಿಂತ ಮೇಲು. ನಂತರ ಮೀಟಿಂಗ್. ನಮ್ಮ ಕಿವಿಗೆ ಇದು ಸಭೆ ಎಂದು ಕೇಳಿಸಿದರೂ ಅರ್ಥ ‘ಮಾನದಂಡ ಮುಟ್ಟಿದೆ’ ಎಂದು. ಆಮೇಲೆ ವರ್ಕಿಂಗ್ ಟುವರ್ಡ್ಸ್, ಇನ್ನೂ ಮುಟ್ಟಿಲ್ಲ, ಪ್ರಯತ್ನದಲ್ಲಿದೆ. ತಳದಲ್ಲಿ ‘ಸಿಗ್ನಿಫಿಕೆಂಟ್ ಇಂಪ್ರೂವ್‌ಮೆಂಟ್ ರಿಕ್ವೈರ್ಡ್’. ಇದು ಮಕ್ಕಳ ಸುರಕ್ಷತೆಗೆ ಒಪ್ಪಲಾಗದಷ್ಟು ಅಪಾಯ ಕಂಡಾಗ ಮಾತ್ರ ಕೊಡುವ ಕೆಂಪು ಬಾವುಟ. ಇದು ಕಂಡರೆ ಬೇರೆ ಕೇಂದ್ರ ನೋಡುವುದೇ ಸರಿ. ಹೊಸದಾಗಿ ತೆರೆದು ಇನ್ನೂ ತಪಾಸಣೆಯಾಗದ ಕೇಂದ್ರಕ್ಕೆ ‘ಪ್ರೊವಿಷನಲ್’ ಎಂದಿರುತ್ತದೆ. ಅದರಿಂದ ಒಳ್ಳೆಯದೂ ತಿಳಿಯುವುದಿಲ್ಲ, ಕೆಟ್ಟದ್ದೂ ತಿಳಿಯುವುದಿಲ್ಲ.

ಇನ್ನು ಕೂಡುವ ಲೆಕ್ಕ. ಇಲ್ಲಿಯೇ ಹೆಚ್ಚಿನ ಪೋಷಕರು ಎಡವುವುದು. ಇದು ಶಾಲೆಯ ಅಂಕಪಟ್ಟಿಯ ಹಾಗೆ ಸರಾಸರಿ ಅಲ್ಲ. ನಲವತ್ತು ಅಂಶಗಳಲ್ಲಿ ಒಂದೇ ಒಂದು ಮುಟ್ಟದಿದ್ದರೂ ಆ ಮಾನದಂಡ ವರ್ಕಿಂಗ್ ಟುವರ್ಡ್ಸ್ ಆಗುತ್ತದೆ. ಆ ಮಾನದಂಡದಿಂದ ಇಡೀ ಕ್ಷೇತ್ರ, ಆ ಕ್ಷೇತ್ರದಿಂದ ಇಡೀ ಕೇಂದ್ರ ಕೆಳಗಿಳಿಯುತ್ತದೆ. ಮೂವತ್ತೊಂಬತ್ತು ಗೆದ್ದು ಒಂದರಲ್ಲಿ ಸೋತ ಕೇಂದ್ರ, ಇಪ್ಪತ್ತರಲ್ಲಿ ಸೋತ ಕೇಂದ್ರ ಎರಡರ ಗೋಡೆಯ ಮೇಲೂ ಒಂದೇ ಪದ. ಹಾಲಿನ ಪಾತ್ರೆಗೆ ಒಂದು ಹನಿ ಹುಳಿ ಬಿದ್ದಂತೆ.

ಮೇಲಕ್ಕೆ ಹೋಗುವ ಲೆಕ್ಕ ಬೇರೆ. ಒಂದು ಕ್ಷೇತ್ರ ಎಕ್ಸೀಡಿಂಗ್ ಆಗಬೇಕಾದರೆ ಅದರ ಎಲ್ಲ ಮಾನದಂಡಗಳೂ ಎಕ್ಸೀಡಿಂಗ್ ಆಗಿರಬೇಕು. ಇಡೀ ಕೇಂದ್ರ ಎಕ್ಸೀಡಿಂಗ್ ಆಗಬೇಕಾದರೆ ಏಳರಲ್ಲಿ ಕನಿಷ್ಠ ನಾಲ್ಕು ಕ್ಷೇತ್ರ ಎಕ್ಸೀಡಿಂಗ್ ಇರಬೇಕು, ಆ ನಾಲ್ಕರಲ್ಲಿ ಕನಿಷ್ಠ ಎರಡು 1, 5, 6, 7ನೇ ಕ್ಷೇತ್ರಗಳಿಂದ ಬಂದಿರಬೇಕು, ಉಳಿದವು ಮೀಟಿಂಗ್‌ಗಿಂತ ಕೆಳಗಿರಬಾರದು. ಹಾಗಾದರೆ ಒಟ್ಟಾರೆ ಎಕ್ಸೀಡಿಂಗ್ ಎಂದು ದೊಡ್ಡದಾಗಿ ಬ್ಯಾನರ್ ಕಟ್ಟಿಕೊಂಡ ಕೇಂದ್ರದ ಆರೋಗ್ಯ-ಸುರಕ್ಷತೆಯೂ ಸಿಬ್ಬಂದಿಯೂ ಕೇವಲ ಮೀಟಿಂಗ್ ಇರಬಹುದು. ಅದು ಮೋಸವಲ್ಲ, ನಿಯಮವೇ ಹಾಗಿದೆ. ಹತ್ತು ತಿಂಗಳ ಕೂಸನ್ನು ಸೇರಿಸುವವರು 2, 4, 5ನೇ ಸಾಲುಗಳನ್ನು ಮೊದಲು ನೋಡಿ. ನಾಲ್ಕು ವರ್ಷದ ಮಗುವಾದರೆ 1 ಮತ್ತು 5.

ತಪಾಸಣೆಯ ದಿನ ಏನಾಗುತ್ತದೆ

ಪ್ರತಿ ಕೇಂದ್ರವೂ ‘ಕ್ವಾಲಿಟಿ ಇಂಪ್ರೂವ್‌ಮೆಂಟ್ ಪ್ಲಾನ್’ ಎಂಬ ದಾಖಲೆ ಇಟ್ಟಿರಬೇಕು. ನಮ್ಮ ಬಲ ಏನು, ಕೊರತೆ ಏನು, ಯಾವುದನ್ನು ಯಾವಾಗ ಸರಿಪಡಿಸುತ್ತೇವೆ ಎಂದು ಕೇಂದ್ರವೇ ಬರೆದುಕೊಳ್ಳುವುದು. ಅನುಮತಿ ಸಿಕ್ಕ ಮೂರು ತಿಂಗಳೊಳಗೆ ತಯಾರಾಗಬೇಕು, ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆಯಾಗಬೇಕು. ಪೋಷಕರು ಕೇಳಿದರೆ ತೋರಿಸಬೇಕು. ಕೇಳುವವರು ತೀರ ಕಡಿಮೆ.

ತಪಾಸಣೆಗೆ ಬರುವ ಅಧಿಕಾರಿ ತರಬೇತಿ ಪಡೆದವರು. ಅವರು ಮಾಡುವುದು ಮೂರು ಕೆಲಸ: ಕಣ್ಣಾರೆ ನೋಡುವುದು, ಎಜುಕೇಟರ್‌ಗಳನ್ನು ಮಾತಾಡಿಸುವುದು, ದಾಖಲೆ ತರಿಸಿ ಓದುವುದು. ಡಯಪರ್ ಬದಲಿಸಿದ ಮೇಲೆ ಮ್ಯಾಟ್ ಒರೆಸಿದರೇ, ಮಗುವಿನ ಕೈಯನ್ನೂ ತೊಳೆಸಿದರೇ ಎಂಬುದು ನೋಡುವ ವಿಷಯ. ಈ ಮಗು ಮಣ್ಣಲ್ಲೇ ಆಡುತ್ತದಲ್ಲ, ಅದಕ್ಕೆ ತಕ್ಕಂತೆ ಮುಂದೇನು ಯೋಚಿಸಿದ್ದೀರಿ ಎಂಬುದು ಕೇಳುವ ವಿಷಯ. ಔಷಧ ಕೊಟ್ಟ ಪುಸ್ತಕ, ಬೆಂಕಿ ಅವಘಡದ ಅಣಕು ತೆರವು ಮೂರು ತಿಂಗಳಿಗೊಮ್ಮೆ ನಡೆದ ದಾಖಲೆ, ನಿದ್ದೆ ಮಾಡುವ ಕೂಸನ್ನು ಎಷ್ಟು ಹೊತ್ತಿಗೊಮ್ಮೆ ನೋಡಿದರೆಂಬ ಪಟ್ಟಿ ಇವೆಲ್ಲ ತರಿಸಿ ಓದುವವು. ಭೇಟಿಯ ನಂತರ ಕರಡು ವರದಿ ಬರುತ್ತದೆ, ಕೇಂದ್ರ ಉತ್ತರ ಕೊಡಬಹುದು, ಆಮೇಲೆ ಅಂತಿಮ ವರದಿ. ಒಪ್ಪದಿದ್ದರೆ ಮೊದಲು ರಾಜ್ಯದ ನಿಯಂತ್ರಕರಲ್ಲಿ ಮರುಪರಿಶೀಲನೆ, ಅದೂ ಸಾಲದಿದ್ದರೆ ಅಸೆಕ್ವಾದ ಸಮಿತಿಯ ಮುಂದೆ.

ಎಲ್ಲಕ್ಕಿಂತ ಹೆಚ್ಚು ಕೇಂದ್ರಗಳು ಜಾರಿಬೀಳುವುದು 1.3.1ನೇ ಅಂಶದಲ್ಲಿ, ಅಂದರೆ ಗಮನಿಸು, ಅರ್ಥಮಾಡಿಕೋ, ಯೋಜಿಸು, ಮಾಡು, ಮತ್ತೆ ನೋಡು ಎಂಬ ಚಕ್ರ. ಕಾರಣ ಸುಲಭ. ಆ್ಯಪ್‌ನಲ್ಲಿ ದಿನಕ್ಕೆ ಹತ್ತು ಫೋಟೊ ಹಾಕುತ್ತಾರೆ, ಕೆಳಗೆ ‘ಇಂದು ಬಣ್ಣದಾಟ ಆಡಿ ಖುಷಿಪಟ್ಟಳು’ ಎಂದು ಬರೆಯುತ್ತಾರೆ. ಅದು ಗಮನಿಸುವ ಮೊದಲ ಮೆಟ್ಟಿಲಷ್ಟೇ. ಆ ಮಗು ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯುತ್ತಿತ್ತೋ ಬೆರಳಲ್ಲೋ, ಮುಂದಿನ ವಾರ ಏನು ಕೊಟ್ಟರೆ ಹಿಡಿತ ಸುಧಾರಿಸೀತು, ಕೊಟ್ಟ ಮೇಲೆ ಏನಾಯಿತು ಎಂಬ ದಾಖಲೆ ಇಲ್ಲದಿದ್ದರೆ ಚಕ್ರ ಅರ್ಧಕ್ಕೇ ನಿಂತಿತು. ಫೋಟೊ ಚೆನ್ನಾಗಿದೆಯೆಂದು ಖುಷಿಪಡುವ ಅಪ್ಪ ಅಮ್ಮ ಇದನ್ನೊಂದು ಸಲ ಕೇಳಿ ನೋಡಬೇಕು: ‘ಕಳೆದ ತಿಂಗಳು ನನ್ನ ಮಗುವಿನ ಬಗ್ಗೆ ಏನು ಗಮನಿಸಿದಿರಿ, ಅದರಿಂದ ಏನು ಬದಲಿಸಿದಿರಿ?’ ಒಳ್ಳೆಯ ಎಜುಕೇಟರ್ ಫೈಲ್ ತೆರೆಯದೆಯೇ ಉತ್ತರ ಕೊಡುತ್ತಾರೆ.

ಎಕ್ಸೀಡಿಂಗ್‌ಗೆ ಮೂರು ಪುರಾವೆ ಬೇಕು. ಒಳ್ಳೆಯ ಪದ್ಧತಿ ಕೇಂದ್ರದಲ್ಲಿ ಬೇರೂರಿರಬೇಕು (ಒಬ್ಬ ಪ್ರತಿಭಾವಂತೆ ರಜೆ ಹಾಕಿದ ದಿನ ಮಾಯವಾಗಬಾರದು), ಅದರ ಹಿಂದೆ ವಿಮರ್ಶಾತ್ಮಕ ಚಿಂತನೆ ಇರಬೇಕು, ಪೋಷಕರ ಮತ್ತು ಸಮುದಾಯದ ಮಾತು ಅದನ್ನು ರೂಪಿಸಿರಬೇಕು. ಕಾಗದದಲ್ಲಿ ಇದು ಸೊಗಸು. ವಾಸ್ತವದಲ್ಲಿ ಚೆನ್ನಾಗಿ ಬರೆಯಬಲ್ಲ ಮ್ಯಾನೇಜರ್ ಇರುವ ಕೇಂದ್ರಕ್ಕೆ ಇಲ್ಲಿ ಅನುಕೂಲ. ಮಕ್ಕಳನ್ನು ಎತ್ತಿ ಆಡಿಸುವುದರಲ್ಲಿ ಗಟ್ಟಿಗರು, ಬರೆಯುವುದರಲ್ಲಿ ಹಿಂದುಳಿದವರು ಎಂಬ ಚಿಕ್ಕ ಕೇಂದ್ರ ಮೀಟಿಂಗ್‌ನಲ್ಲೇ ನಿಲ್ಲುತ್ತದೆ. ಮೀಟಿಂಗ್ ಎಂದರೆ ‘ಜಸ್ಟ್ ಪಾಸ್’ ಎಂದುಕೊಳ್ಳುವವರಿಗೆ ಇದಿಷ್ಟು ಹೇಳಬೇಕಿತ್ತು. ನಲವತ್ತಕ್ಕೆ ನಲವತ್ತೂ ಮುಟ್ಟಿದರೆ ಮಾತ್ರ ಸಿಗುವ ಪದ ಅದು.

ಅಳತೆಪಟ್ಟಿ ಹಿಡಿದು ನೋಡಬಹುದಾದವು

ಈ ವ್ಯವಸ್ಥೆಯ ಅತ್ಯುತ್ತಮ ಭಾಗ ರೇಟಿಂಗ್ ಅಲ್ಲ, ಅದರ ಕೆಳಗಿರುವ ಕಾನೂನು. ಮುಟ್ಟಿ ಎಣಿಸಬಹುದಾದ ಸಂಖ್ಯೆಗಳು ಇಲ್ಲಿವೆ.

ಎರಡು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬ ಎಜುಕೇಟರ್, ಇದು ದೇಶಕ್ಕೆಲ್ಲ ಒಂದೇ. ಎರಡರಿಂದ ಮೂರು ವರ್ಷದ ಮಕ್ಕಳಿಗೆ ಹೆಚ್ಚಿನ ರಾಜ್ಯಗಳಲ್ಲಿ 1:5, ವಿಕ್ಟೋರಿಯಾದಲ್ಲಿ 1:4. ಮೂರು ವರ್ಷ ದಾಟಿ ಶಾಲೆಗೆ ಹೋಗುವ ತನಕ ಸಾಮಾನ್ಯವಾಗಿ 1:11, ನ್ಯೂ ಸೌತ್ ವೇಲ್ಸ್‌ನಲ್ಲಿ 1:10. ಫ್ಯಾಮಿಲಿ ಡೇ ಕೇರ್‌ನಲ್ಲಿ ಒಬ್ಬರಿಗೆ ಏಳು ಮಕ್ಕಳು, ಅದರಲ್ಲಿ ಶಾಲೆಗೆ ಸೇರದವರು ನಾಲ್ಕಕ್ಕಿಂತ ಹೆಚ್ಚಿರಬಾರದು.

ಒಂದು ಉದಾಹರಣೆ. ಕೇಂದ್ರವೊಂದರಲ್ಲಿ 8 ಕೂಸುಗಳು, ಎರಡರಿಂದ ಮೂರು ವರ್ಷದ 10 ಮಕ್ಕಳು, ಮೂರು ದಾಟಿದ 22 ಮಕ್ಕಳು ಇದ್ದಾರೆ ಎನ್ನಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2+2+2, ಅಂದರೆ ಆರು ಜನ ಸಾಕು. ಸಿಡ್ನಿಯಲ್ಲಿ ಕೊನೆಯ ಗುಂಪಿಗೆ ಇಬ್ಬರು ಸಾಲುವುದಿಲ್ಲ, ಮೆಲ್ಬರ್ನ್‌ನಲ್ಲಿ ನಡುವಿನ ಗುಂಪಿಗೆ ಇಬ್ಬರು ಸಾಲುವುದಿಲ್ಲ. ಎರಡೂ ಕಡೆ ಏಳು ಜನ ಬೇಕು. ಮಕ್ಕಳೊಡನೆ ನೇರವಾಗಿ ಕೆಲಸ ಮಾಡುತ್ತಿರುವವರನ್ನು ಮಾತ್ರ ಎಣಿಸಬೇಕು. ಆಫೀಸಿನಲ್ಲಿ ಫೋನ್ ಹಿಡಿದ ಡೈರೆಕ್ಟರ್, ಅಡುಗೆಮನೆಯಲ್ಲಿರುವವರು, ಊಟದ ಬಿಡುವಿನಲ್ಲಿರುವವರು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ.

ಈ ಅನುಪಾತದಲ್ಲೊಂದು ಕಿಂಡಿಯಿದೆ. ಲೆಕ್ಕ ಇಡೀ ಕೇಂದ್ರಕ್ಕೆ, ಪ್ರತಿ ಕೋಣೆಗಲ್ಲ. ಒಂದು ಕೋಣೆಯಲ್ಲಿ ಮಕ್ಕಳು ಮಲಗಿರುವಾಗ ಅಲ್ಲಿ ಇಬ್ಬರಿದ್ದು, ಪಕ್ಕದ ಕೋಣೆಯಲ್ಲಿ ಹದಿಮೂರು ಮಕ್ಕಳಿಗೆ ಒಬ್ಬರೇ ಪರದಾಡುತ್ತಿದ್ದರೂ ಒಟ್ಟು ಸಂಖ್ಯೆ ಸರಿಯಿರಬಹುದು. ಇಲ್ಲಿನವರು ಇದನ್ನು ‘ಅಂಡರ್ ದ ರೂಫ್’ ಎನ್ನುತ್ತಾರೆ. ಕಾನೂನು ಅನುಪಾತದ ಜೊತೆಗೆ ‘ಸಾಕಷ್ಟು ಮೇಲ್ವಿಚಾರಣೆ’ಯನ್ನೂ ಬೇರೆಯಾಗಿ ಕೇಳುತ್ತದೆ, ಆದರೆ ಸಾಕಷ್ಟು ಎಂದರೆ ಎಷ್ಟು ಎಂಬುದಕ್ಕೆ ಸಂಖ್ಯೆ ಇಲ್ಲ. ಆದ್ದರಿಂದ ಕೇಂದ್ರ ನೋಡಲು ಹೋದಾಗ ‘ನಿಮ್ಮಲ್ಲಿ ಅನುಪಾತ ಎಷ್ಟು?’ ಎಂದು ಕೇಳಬೇಡಿ, ಎಲ್ಲರೂ ಕಾನೂನಿನ ಸಂಖ್ಯೆಯನ್ನೇ ಒಪ್ಪಿಸುತ್ತಾರೆ. ‘ಈ ಕೋಣೆಯಲ್ಲಿ ಬೆಳಿಗ್ಗೆ ಏಳೂವರೆಗೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಎಷ್ಟು ಜನ ಇರುತ್ತೀರಿ?’ ಎಂದು ಕೇಳಿ.

ಜಾಗದ ಲೆಕ್ಕ ಇನ್ನೂ ಸರಳ. ಒಳಗೆ ಪ್ರತಿ ಮಗುವಿಗೆ ಅಡೆತಡೆಯಿಲ್ಲದ 3.25 ಚದರ ಮೀಟರ್, ಹೊರಗೆ 7 ಚದರ ಮೀಟರ್. 65 ಚದರ ಮೀಟರ್ ಕೋಣೆಯಲ್ಲಿ 20 ಮಕ್ಕಳು, ಅವರಿಗೆ 140 ಚದರ ಮೀಟರ್ ಅಂಗಳ. ಓಡಾಡುವ ದಾರಿ, ಶೌಚಾಲಯ, ಡಯಪರ್ ಬದಲಿಸುವ ಜಾಗ, ತೊಟ್ಟಿಲ ಕೋಣೆ, ಸಾಮಾನಿನ ಕೋಣೆ ಇದರಲ್ಲಿ ಸೇರುವುದಿಲ್ಲ. ಅನುಮತಿ ಇದ್ದರೆ ವರಾಂಡವನ್ನು ಒಳಗಿನ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಒಳಗೂ ಹೊರಗೂ ಎರಡು ಕಡೆ ಎಣಿಸುವಂತಿಲ್ಲ.

ವಿದ್ಯಾರ್ಹತೆಯಲ್ಲಿ ನಿಯಮ ಹೀಗೆ: ಅನುಪಾತಕ್ಕೆ ಬೇಕಾದ ಎಜುಕೇಟರ್‌ಗಳಲ್ಲಿ ಕನಿಷ್ಠ ಅರ್ಧ ಜನ ಡಿಪ್ಲೊಮಾ ಪಡೆದಿರಬೇಕು ಅಥವಾ ಓದುತ್ತಿರಬೇಕು, ಉಳಿದವರು ಅದಕ್ಕಿಂತ ಕೆಳಗಿನ ಸರ್ಟಿಫಿಕೇಟ್ 3 ಮಟ್ಟದಲ್ಲಿ. ‘ಅಥವಾ ಓದುತ್ತಿರಬೇಕು’ ಎಂಬ ಎರಡು ಪದಗಳ ಮೇಲೆ ಕಣ್ಣಿಡಿ. ಕೋರ್ಸಿಗೆ ಸೇರಿ ಓದು ಮುಂದುವರಿಸುತ್ತಿರುವವರೂ ಈ ಅರ್ಧದಲ್ಲಿ ಸೇರಿಬಿಡುತ್ತಾರೆ. ಪೂರ್ತಿ ಮುಗಿಸಿದವರು ಎಷ್ಟು, ಓದುತ್ತಿರುವವರು ಎಷ್ಟು ಎಂದು ಬಿಡಿಸಿ ಕೇಳುವುದರಲ್ಲಿ ತಪ್ಪೇನಿಲ್ಲ. ಜೊತೆಗೆ ಪದವಿ ಪಡೆದ ಅರ್ಲಿ ಚೈಲ್ಡ್‌ಹುಡ್ ಟೀಚರ್ ಇರಬೇಕೆಂಬ ನಿಯಮ ಬೇರೆ ಇದೆ. ಅದರಲ್ಲಿ ನ್ಯೂ ಸೌತ್ ವೇಲ್ಸ್ ಎಲ್ಲರಿಗಿಂತ ಬಿಗಿ, 80 ಅಥವಾ ಹೆಚ್ಚು ಮಕ್ಕಳಿದ್ದರೆ ನಾಲ್ವರು ಟೀಚರ್ ಬೇಕು.

ಪ್ರಥಮ ಚಿಕಿತ್ಸೆ, ಆಸ್ತಮಾ, ತೀವ್ರ ಅಲರ್ಜಿ ಇವುಗಳ ತರಬೇತಿ ಇರುವವರು ಕೇಂದ್ರ ತೆರೆದಿರುವಷ್ಟು ಹೊತ್ತೂ ಇರಲೇಬೇಕು. ಶೇಂಗಾ ಚಟ್ನಿಪುಡಿ ಡಬ್ಬಿಗೆ ಹಾಕಿ ಕಳಿಸಿದರೆ ವಾಪಸ್ ಬರುವುದು ಇದೇ ಅಲರ್ಜಿಯ ಭಯದಿಂದ.

ಎಲ್ಲಿ ಕೈಕೊಡುತ್ತದೆ

ದೊಡ್ಡ ದೋಷ ಹಳೆಯ ರೇಟಿಂಗ್. ಇಷ್ಟು ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕೆಂಬ ಬಿಗಿಯಾದ ಗಡುವು ಕಾನೂನಿನಲ್ಲಿಲ್ಲ. ಅಪಾಯ ಕಂಡಲ್ಲಿಗೆ ಮೊದಲು ಹೋಗುವುದು ನಿಯಂತ್ರಕರ ನೀತಿ, ಅಧಿಕಾರಿಗಳ ಕೊರತೆ ಅವರ ಸಮಸ್ಯೆ. ಹೀಗಾಗಿ ಗೋಡೆಯ ಮೇಲಿನ ಎಕ್ಸೀಡಿಂಗ್ ಐದಾರು ವರ್ಷ ಹಿಂದಿನದಾಗಿರಬಹುದು. ಈ ಕ್ಷೇತ್ರದಲ್ಲಿ ಸಿಬ್ಬಂದಿ ಕೆಲಸ ಬಿಟ್ಟು ಹೋಗುವ ವೇಗ ನೋಡಿದರೆ, ಆ ರೇಟಿಂಗ್ ಗಳಿಸಿಕೊಟ್ಟವರಲ್ಲಿ ಒಬ್ಬರೂ ಈಗ ಅಲ್ಲಿ ಇಲ್ಲದಿರಬಹುದು. ಮಾಲೀಕತ್ವ ಬದಲಾದರೂ ರೇಟಿಂಗ್ ಕೇಂದ್ರದ ಜೊತೆಗೇ ಉಳಿಯುತ್ತದೆ. ಹೋಟೆಲ್ ಕೈಬದಲಾಗಿ ಅಡುಗೆ ಭಟ್ಟರು ಹೋದ ಮೇಲೂ ಹಳೆ ಬೋರ್ಡ್ ನೇತಾಡುತ್ತಿರುವ ಹಾಗೆ. ಕಳೆದ ವರ್ಷದ ಮೀಟಿಂಗ್‌ಗೂ ಆರು ವರ್ಷ ಹಳೆಯ ಎಕ್ಸೀಡಿಂಗ್‌ಗೂ ನಡುವೆ ಆಯ್ಕೆ ಬಂದರೆ ಮೊದಲನೆಯದಕ್ಕೇ ನಮ್ಮ ಮತ.

ಎರಡನೆಯದು ವಿನಾಯಿತಿ. ಟೀಚರ್ ಸಿಗುತ್ತಿಲ್ಲ, ಅಂಗಳ ಚಿಕ್ಕದು ಎಂಬಂಥ ಕಾರಣಕ್ಕೆ ಕೇಂದ್ರಗಳು ವೇವರ್ ಪಡೆಯಬಹುದು. ತಾತ್ಕಾಲಿಕ ವೇವರ್ ಒಂದು ವರ್ಷದವರೆಗೆ, ಮತ್ತೊಂದು ಬಗೆಯದಕ್ಕೆ ಅವಧಿಯ ಮಿತಿಯೇ ಇಲ್ಲ. ವೇವರ್ ಇದ್ದರೆ ಅದನ್ನು ಬಾಗಿಲ ಬಳಿ ಹಾಕಲೇಬೇಕು. ಯಾರೂ ಓದದ ಕಾಗದ ಅದೇ.

ಮೂರನೆಯದು ಗಂಭೀರ. ರೇಟಿಂಗ್ ಒಂದೆರಡು ದಿನದ ಭೇಟಿಯ ಚಿತ್ರ, ಕೆಟ್ಟ ಉದ್ದೇಶದ ವ್ಯಕ್ತಿಯನ್ನು ಹಿಡಿಯುವ ಜಾಲ ಅಲ್ಲ. 2025ರ ಜುಲೈನಲ್ಲಿ ಮೆಲ್ಬರ್ನ್‌ನಲ್ಲಿ ಒಬ್ಬ ಚೈಲ್ಡ್‌ಕೇರ್ ನೌಕರನ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪಗಳು ಬಹಿರಂಗವಾದಾಗ ದೇಶವೇ ಬೆಚ್ಚಿತು. ಅದೇ ತಿಂಗಳು ಸಂಸತ್ತು ಕಾನೂನು ಮಾಡಿ, ಸುರಕ್ಷತೆಯಲ್ಲಿ ಪದೇ ಪದೇ ಸೋಲುವ ಕೇಂದ್ರಗಳಿಗೆ ಹೋಗುವ ಚೈಲ್ಡ್ ಕೇರ್ ಸಬ್ಸಿಡಿ (ಪೋಷಕರ ಶುಲ್ಕದ ಹೊರೆ ಇಳಿಸಲು ಸರ್ಕಾರ ಕೊಡುವ ನೆರವು) ಹಣವನ್ನೇ ನಿಲ್ಲಿಸುವ ಅಧಿಕಾರ ಕೊಟ್ಟಿತು. ದೈಹಿಕ ಅಥವಾ ಲೈಂಗಿಕ ದೌರ್ಜನ್ಯದ ಆರೋಪವನ್ನು ನಿಯಂತ್ರಕರಿಗೆ ತಿಳಿಸಲು ಮೊದಲು ಏಳು ದಿನ ಸಮಯವಿತ್ತು. 2025ರ ಸೆಪ್ಟೆಂಬರ್ 1ರಿಂದ ಅದು 24 ಗಂಟೆ. ಏಳು ದಿನ ಎಂಬುದು ಅಷ್ಟು ವರ್ಷ ಹೇಗೆ ಉಳಿದುಕೊಂಡಿತ್ತು ಎಂಬುದೇ ಆಶ್ಚರ್ಯ. ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ: ಎಜುಕೇಟರ್‌ಗಳ ಸ್ವಂತ ಫೋನ್ ಕೋಣೆಯೊಳಗೆ ಬರುತ್ತದೆಯೇ? ಡಯಪರ್ ಬದಲಿಸುವ ಜಾಗ ಗಾಜಿನ ಆಚೆಯಿಂದ ಕಾಣುತ್ತದೆಯೇ? ಹೊಸಬರು, ಏಜೆನ್ಸಿಯಿಂದ ಒಂದು ದಿನಕ್ಕೆ ಬಂದವರು ಮಕ್ಕಳೊಡನೆ ಒಂಟಿಯಾಗಿ ಇರುತ್ತಾರೆಯೇ? ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಅಂಕ ಕೊಡುವುದಾದರೆ, ಮಾನದಂಡಗಳ ರಚನೆಗೆ ಐದಕ್ಕೆ ನಾಲ್ಕೂವರೆ. ತಪಾಸಣೆಯ ಆಳಕ್ಕೆ ನಾಲ್ಕು. ಸಕಾಲಕ್ಕೆ ಮರುತಪಾಸಣೆ ಮಾಡುವುದಕ್ಕೆ ಎರಡು, ಅದೂ ಉದಾರವಾಗಿ. ಹತ್ತರಲ್ಲಿ ಒಂಬತ್ತು ಕೇಂದ್ರಗಳು ಮೀಟಿಂಗ್ ಅಥವಾ ಮೇಲಿರುವುದರಿಂದ, ಎರಡು ಕೇಂದ್ರಗಳ ನಡುವೆ ಆರಿಸಲು ಒಟ್ಟಾರೆ ಪದ ಅಷ್ಟೇನೂ ಸಹಾಯ ಮಾಡುವುದಿಲ್ಲ.

ಬಳಸುವ ಬಗೆ

ಸ್ಟಾರ್ಟಿಂಗ್ ಬ್ಲಾಕ್ಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಬಡಾವಣೆಯ ಹೆಸರು ಹಾಕಿದರೆ ಹತ್ತಿರದ ಕೇಂದ್ರಗಳು, ಅವುಗಳ ರೇಟಿಂಗ್, ದಿನದ ಶುಲ್ಕ, ಖಾಲಿ ಜಾಗ ಕಾಣುತ್ತವೆ. ಮೂರೂವರೆ ಅಂಕ ಇದಕ್ಕೆ; ಶುಲ್ಕ, ಖಾಲಿ ಜಾಗದ ವಿವರವನ್ನು ಕೇಂದ್ರಗಳೇ ತುಂಬುವುದರಿಂದ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಲೇಸು. ಏಳು ಸಾಲುಗಳ ರೇಟಿಂಗ್ ಮತ್ತು ದಿನಾಂಕ ಬರೆದುಕೊಳ್ಳಿ. ರಾಜ್ಯದ ನಿಯಂತ್ರಕರ ತಾಣದಲ್ಲಿ ಆ ಕೇಂದ್ರದ ಅಥವಾ ಅದರ ಮಾಲೀಕ ಕಂಪನಿಯ ಮೇಲೆ ಕ್ರಮ ಜರುಗಿದೆಯೇ ಎಂದು ಹುಡುಕಿ. ಕಂಪನಿಯ ಹೆಸರು ಕೇಂದ್ರದ ಹೆಸರಿಗಿಂತ ಬೇರೆಯಿರುತ್ತದೆ, ರಾಷ್ಟ್ರೀಯ ನೋಂದಣಿ ಪಟ್ಟಿಯಲ್ಲಿ ಎರಡೂ ಸಿಗುತ್ತವೆ.

ವರ್ಕಿಂಗ್ ಟುವರ್ಡ್ಸ್ ಇರುವ ಕೇಂದ್ರವನ್ನು ಅಲ್ಲಿಗೇ ಕೈಬಿಡಬೇಡಿ. ಯಾವ ಅಂಶದಲ್ಲಿ ಸೋತಿರಿ, ವರದಿ ತೋರಿಸುತ್ತೀರಾ ಎಂದು ಕೇಳಿ. ಸೋತದ್ದು ಮೇಲ್ವಿಚಾರಣೆಯಲ್ಲಾದರೆ ಹಿಂದೆ ಸರಿಯುವುದು ಒಳ್ಳೆಯದು. ಸೋತದ್ದು ದಾಖಲೆ ಬರೆಯುವ ಚಕ್ರದಲ್ಲಾದರೆ, ಡೈರೆಕ್ಟರ್ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ ಈಗೇನು ಮಾಡುತ್ತಿದ್ದಾರೆಂದು ತೋರಿಸಿದರೆ, ಅದು ಒಳ್ಳೆಯ ಕೇಂದ್ರವೇ ಇರಬಹುದು.

ನೋಡಲು ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಎಲ್ಲ ಕೇಂದ್ರವೂ ಚೆಂದ. ಸಂಜೆ ನಾಲ್ಕೂವರೆಗೆ ಹೋಗಿ: ಮಕ್ಕಳು ದಣಿದಿರುತ್ತಾರೆ, ಎಜುಕೇಟರ್‌ಗಳು ಒಬ್ಬೊಬ್ಬರಾಗಿ ಮನೆಗೆ ಹೊರಟಿರುತ್ತಾರೆ, ಎರಡು ಕೋಣೆಯ ಮಕ್ಕಳನ್ನು ಒಂದೆಡೆ ಸೇರಿಸಿರುತ್ತಾರೆ. ಆಗ ಅಳುವ ಮಗುವಿನ ಬಳಿ ಯಾರಾದರೂ ನೆಲದ ಮೇಲೆ ಕೂತಿದ್ದಾರೋ ಇಲ್ಲವೋ ನೋಡಿ. ಗೋಡೆಯ ಮೇಲೆ ಆ ದಿನದ ಹೊಣೆ ಹೊತ್ತವರ ಹೆಸರು, ಕಲಿಕೆಯ ಕಾರ್ಯಕ್ರಮ ಮುನ್ನಡೆಸುವ ಎಜುಕೇಶನಲ್ ಲೀಡರ್ ಹೆಸರು, ದೂರು ಕೇಳುವವರ ಹೆಸರು ಮತ್ತು ಫೋನ್ ನಂಬರ್ ಇರಬೇಕು. ಕಳೆದ ತಿಂಗಳು ಕೆಲಸ ಬಿಟ್ಟವರ ಹೆಸರೇ ಇನ್ನೂ ಇದ್ದರೆ ಏಳನೇ ಕ್ಷೇತ್ರದ ಸ್ಥಿತಿ ತಿಳಿದಂತಾಯಿತು.

ನಮ್ಮ ಮನೆಗಳಿಗೆ ಸಂಬಂಧಿಸಿದ ಕೆಲವು ಮಾತು. ದಾಖಲಾತಿ ಅರ್ಜಿಯಲ್ಲಿ ಮನೆಯಲ್ಲಿ ಆಡುವ ಭಾಷೆ ಕೇಳಿರುತ್ತಾರೆ. ಇಂಗ್ಲಿಷ್ ಎಂದು ಬರೆದರೆ ಮಗುವಿಗೆ ಒಳ್ಳೆಯದೆಂಬ ತಪ್ಪು ಎಣಿಕೆ ಬೇಡ. ಕನ್ನಡ ಎಂದೇ ಬರೆದು, ‘ನೀರು’, ‘ಹಸಿವು’, ‘ಸುಸು’, ‘ನಿದ್ದೆ’, ‘ಎತ್ಕೋ’ ಇಂಥ ಹತ್ತು ಪದಗಳ ಚೀಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ. ಆ ಚೀಟಿ ಕೋಣೆಯ ಗೋಡೆಗೆ ಬಂತೋ ಫೈಲಿಗೆ ಹೋಯಿತೋ ಎಂಬುದರಲ್ಲಿ ಆರನೇ ಕ್ಷೇತ್ರದ ಪರೀಕ್ಷೆ ಮುಗಿಯುತ್ತದೆ. ಊರಿಂದ ಬಂದ ಅಜ್ಜಿ ತಾತ ಮಗುವನ್ನು ಕರೆತರಲು ಹೋಗುವುದಾದರೆ ಅವರ ಹೆಸರು ದಾಖಲಾತಿಯಲ್ಲಿ ಮೊದಲೇ ಇರಬೇಕು, ಕೈಯಲ್ಲಿ ಗುರುತಿನ ಚೀಟಿ ಇರಬೇಕು. ಮಗು ‘ಅಜ್ಜೀ’ ಎಂದು ಓಡಿ ಬಂದು ತಬ್ಬಿಕೊಂಡರೂ ಹೆಸರಿಲ್ಲದಿದ್ದರೆ ಕಳಿಸುವಂತಿಲ್ಲ. ಔಷಧ ಮೂಲ ಡಬ್ಬಿಯಲ್ಲಿ, ಲೇಬಲ್ ಸಮೇತ ಇರಬೇಕು. ವೈದ್ಯರು ಬರೆದುಕೊಟ್ಟದ್ದಾದರೆ ಮಗುವಿನ ಹೆಸರೂ ಅದರ ಮೇಲಿರಬೇಕು. ಸ್ಟೀಲ್ ಲೋಟದಲ್ಲಿ ಕಳಿಸಿದ ಕಷಾಯ ಎಷ್ಟೇ ಒಳ್ಳೆಯದಾದರೂ ಅವರು ಕುಡಿಸುವುದಿಲ್ಲ, ಕುಡಿಸಿದರೆ ಅನುಮಾನಪಡಬೇಕು.

ಬೆಂಗಳೂರಿನ ಓದುಗರಿಗೆ ಇಂಥ ರೇಟಿಂಗ್ ಪತ್ರವಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಕೊಡಬೇಕೆಂದು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದೆಂದು ಹೇಳಿತು. ಆದರೂ ಮೇಲಿನ ಸಂಖ್ಯೆಗಳನ್ನು ಅಳತೆಪಟ್ಟಿಯಾಗಿ ಅಲ್ಲಿಯೂ ಒಯ್ಯಬಹುದು: 3.25 ಚದರ ಮೀಟರ್ ಅಂದರೆ ಸುಮಾರು 35 ಚದರ ಅಡಿ. ಅಪಾರ್ಟ್‌ಮೆಂಟಿನ 350 ಚದರ ಅಡಿ ಹಾಲ್‌ನಲ್ಲಿ ಹತ್ತಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಎರಡು ವರ್ಷದೊಳಗಿನ ಎಂಟು ಕೂಸುಗಳಿಗೆ ಒಬ್ಬರೇ ಆಯಾ ಇದ್ದರೆ, ಅದು ಇಲ್ಲಿ ಬಾಗಿಲು ತೆರೆಯಲೂ ಅರ್ಹವಾಗದ ಕೇಂದ್ರ.

ಏನಾದರೂ ತಪ್ಪು ಕಂಡರೆ ಮೊದಲು ಗೋಡೆಯ ಮೇಲೆ ಹೆಸರಿರುವವರಿಗೆ ಇಮೇಲ್‌ನಲ್ಲಿ ಬರೆಯಿರಿ. ಉತ್ತರ ತೃಪ್ತಿಯಾಗದಿದ್ದರೆ, ಅಥವಾ ಮಗುವಿನ ಸುರಕ್ಷತೆಯ ವಿಷಯವಾದರೆ ಕಾಯದೆಯೇ, ರಾಜ್ಯದ ನಿಯಂತ್ರಕರಿಗೆ. ಅಸೆಕ್ವಾಗೆ ಬರೆದು ಪ್ರಯೋಜನವಿಲ್ಲ, ಅದು ಕೇಂದ್ರಗಳ ಮೇಲಿನ ದೂರು ತನಿಖೆ ಮಾಡುವುದಿಲ್ಲ. ‘ಸರಿಯಾಗಿ ನೋಡಿಕೊಳ್ಳುವುದಿಲ್ಲ’ ಎಂದು ಬರೆದರೆ ಫೈಲಿನಲ್ಲಿ ಉಳಿಯುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ, ಎಷ್ಟು ಮಕ್ಕಳಿಗೆ ಎಷ್ಟು ಜನ ಇದ್ದರು ಎಂದು ಬರೆದರೆ ಅಧಿಕಾರಿ ಅದೇ ಹೊತ್ತಿನ ಹಾಜರಿ ಪಟ್ಟಿಯನ್ನೂ ಸಿಬ್ಬಂದಿಯ ರೋಸ್ಟರನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡಬಹುದು.